ಮೂರಕ್ಕೆ ಮೂರು

ಬೇಸ್‌ಬಾಲ್ ದಾಖಲೆಗಳಲ್ಲಿ ಅಮೆರಿಕದ ಅತ್ಯುನ್ನತ ದರ್ಜೆಯ ಮೇಜರ್ ಲೀಗ್ ಆಡಿದ ಪ್ರತಿಯೊಬ್ಬರಿಗೂ ಒಂದು ಪುಟ ಇದೆ. ಆಡಿದ ವರ್ಷಕ್ಕೊಂದು ಸಾಲು. ಟಾಮ್ ಪಚೋರೆಕ್ ಎಂಬ ಆಟಗಾರನ ಪುಟ ತೆರೆದರೆ 1970ರಿಂದ 1987ರವರೆಗೆ, ಹದಿನೆಂಟು ಸೀಸನ್‌ಗಳ ಅಂಕಿಅಂಶ ಮೇಲಿನಿಂದ ಕೆಳಗಿನವರೆಗೆ ತುಂಬಿಕೊಂಡಿದೆ. ಅವನ ಅಣ್ಣ ಜಾನ್ ಪಚೋರೆಕ್‌ನ ಪುಟದಲ್ಲಿರುವುದು ಒಂದೇ ಸಾಲು. 1963, ಹ್ಯೂಸ್ಟನ್, ಪಂದ್ಯ 1, ಅಟ್-ಬ್ಯಾಟ್ 3, ರನ್ 4, ಹಿಟ್ 3, ಆರ್‌ಬಿಐ (ತನ್ನ ಹೊಡೆತದಿಂದ ತಂಡಕ್ಕೆ ಬಂದ ರನ್) 3, ವಾಕ್ 2. ಕೊನೆಗೆ ಸರಾಸರಿ: 1.000.

ಕ್ರಿಕೆಟ್ಟಿನ ಲೆಕ್ಕದಲ್ಲಿ ಬೆಳೆದ ನಮಗೆ ಈ ಕೊನೆಯ ಅಂಕಿಯ ತೂಕ ತಕ್ಷಣ ಗೊತ್ತಾಗುವುದಿಲ್ಲ. ಬೇಸ್‌ಬಾಲ್‌ನಲ್ಲಿ ಬ್ಯಾಟಿಂಗ್ ಸರಾಸರಿ ಎಂದರೆ ಹೊಡೆಯಲು ನಿಂತ ಸಲಗಳಲ್ಲಿ (ಅಟ್-ಬ್ಯಾಟ್) ಎಷ್ಟು ಸಲ ಹಿಟ್ ಸಿಕ್ಕಿತು ಎಂಬ ಭಾಗಲಬ್ಧ. ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದರೆ ಹಿಟ್, ನಾಲ್ಕು ಬೇಸ್‌ಗಳನ್ನೂ ಸುತ್ತಿ ಬಂದರೆ ಒಂದು ರನ್. ಪಿಚರ್ ನಾಲ್ಕು ಚೆಂಡು ಹದ ತಪ್ಪಿ ಎಸೆದು, ಬ್ಯಾಟರ್‌ಗೆ ಪುಕ್ಕಟೆಯಾಗಿ ಮೊದಲ ಬೇಸ್ ಸಿಕ್ಕರೆ ಅದು ವಾಕ್. ಅದನ್ನು ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹತ್ತು ಸಲ ನಿಂತು ಮೂರು ಸಲ ಹೊಡೆದವನು (.300) ಒಳ್ಳೆಯ ಬ್ಯಾಟರ್. ಅಂದರೆ ಹತ್ತರಲ್ಲಿ ಏಳು ಸಲ ಸೋತವನು! ಟೆಡ್ ವಿಲಿಯಮ್ಸ್ 1941ರಲ್ಲಿ .406 ಹೊಡೆದ ಮೇಲೆ ಮೇಜರ್ ಲೀಗಿನ ಎರಡು ವಿಭಾಗಗಳಾದ ಅಮೆರಿಕನ್ ಲೀಗ್‌ನಲ್ಲಾಗಲಿ ನ್ಯಾಷನಲ್ ಲೀಗ್‌ನಲ್ಲಾಗಲಿ ಇಡೀ ಸೀಸನ್ನಿಗೆ .400 ಮುಟ್ಟಿದವರೇ ಇಲ್ಲ. ಸೋಲುವುದೇ ವಾಡಿಕೆಯಾಗಿರುವ ಆಟದಲ್ಲಿ ಜಾನ್ ಎಂಬ ಈ ಹುಡುಗ ಒಂದು ಸಲವೂ ಸೋಲಲಿಲ್ಲ. ಐದು ಸಲ ಬ್ಯಾಟ್ ಹಿಡಿದು ಬಂದ, ಐದು ಸಲವೂ ಬೇಸ್ ಮುಟ್ಟಿದ. ಒಂದೇ ಸಲ ನಿಂತು ಒಂದೇ ಹಿಟ್ ಹೊಡೆದು ಪೂರ್ಣಾಂಕ ಪಡೆದವರು ಚರಿತ್ರೆಯಲ್ಲಿ ಕೆಲವರಿದ್ದಾರೆ. ಆದರೆ ಔಟಾಗದೆ ಉಳಿದವರಲ್ಲಿ ಅತಿ ಹೆಚ್ಚು ಅಟ್-ಬ್ಯಾಟ್ ಇರುವುದು ಇವನಿಗೇ. ಮೂರಕ್ಕೆ ಮೂರು.

ಈ ಕತೆಯನ್ನು ಬರೆಯುವವರೆಲ್ಲ ಬಹುತೇಕ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. 'ಪರಿಪೂರ್ಣ ವೃತ್ತಿಜೀವನ' ಎಂದು ತಲೆಬರಹ ಕೊಟ್ಟು, ಒಂದು ಪಂದ್ಯದ ಪವಾಡ ಎಂದು ಮುಗಿಸುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಆ ಸಾಲು ಒಂದಕ್ಕೇ ನಿಂತದ್ದು ಯಾಕೆ ಎಂದು ಕೇಳದೆ 1.000 ಎಂಬ ಅಂಕಿಯನ್ನು ಮೆಚ್ಚಿಕೊಳ್ಳಲು ನನ್ನಿಂದ ಆಗುವುದಿಲ್ಲ.

ಜಾನ್ ಹುಟ್ಟಿದ್ದು 1945ರ ಫೆಬ್ರವರಿಯಲ್ಲಿ, ಡೆಟ್ರಾಯಿಟ್‌ನಲ್ಲಿ. ಬೆಳೆದದ್ದು ಹ್ಯಾಮ್‌ಟ್ರಾಮಿಕ್ ಎಂಬ ಪುಟ್ಟ ಊರಿನಲ್ಲಿ. ಬಹುತೇಕ ಸುತ್ತಲೂ ಡೆಟ್ರಾಯಿಟ್ ಆವರಿಸಿಕೊಂಡಿರುವ, ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆಸಿದ ಪೋಲಿಷ್ ಕುಟುಂಬಗಳು ತುಂಬಿದ್ದ ಊರು ಅದು. ಡಾಡ್ಜ್ ಕಾರು ತಯಾರಿಸುವ ದೊಡ್ಡ ಕಾರ್ಖಾನೆ ಅಲ್ಲೇ ಇತ್ತು. ದೊಡ್ಡ ಕುಟುಂಬ, ಇವನೇ ಹಿರಿಯ ಮಗ. ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಬೇಸ್‌ಬಾಲ್ ಮೂರರಲ್ಲೂ ಶಾಲೆಯ ಹೀರೋ. ಮೈ ಕಟ್ಟುವುದರ ಮೇಲೆ ಎಳವೆಯಿಂದಲೇ ವಿಪರೀತ ವ್ಯಾಮೋಹ. ಆರಡಿ ಮೀರಿದ ಎತ್ತರ, ಗಟ್ಟಿ ಭುಜ. ಹೈಸ್ಕೂಲು ಮುಗಿಯುವ ಹೊತ್ತಿಗೆ ಹ್ಯೂಸ್ಟನ್ ತಂಡದವರು ಬಂದು ಒಪ್ಪಂದ ಮಾಡಿಕೊಂಡರು.

ಹ್ಯೂಸ್ಟನ್ ತಂಡಕ್ಕೆ ಆಗ ಇನ್ನೂ ಆಸ್ಟ್ರೋಸ್ ಎಂಬ ಹೆಸರು ಬಂದಿರಲಿಲ್ಲ. 1962ರಲ್ಲಿ ಹೊಸದಾಗಿ ಹುಟ್ಟಿದ ತಂಡ, ಕೋಲ್ಟ್ ಪಿಸ್ತೂಲಿನ ಮೇಲೆ ಇಟ್ಟ ಹೆಸರು: ಕೋಲ್ಟ್ .45ಸ್. ಅದೇ ವರ್ಷ ಅದರ ಜೊತೆಗೇ ಹುಟ್ಟಿದ್ದು ನ್ಯೂಯಾರ್ಕ್ ಮೆಟ್ಸ್. ಎರಡೂ ಸೋಲಿನ ತಂಡಗಳು. 1963ರ ಕೊನೆಯಲ್ಲಿ ಹತ್ತು ತಂಡಗಳ ನ್ಯಾಷನಲ್ ಲೀಗ್‌ನಲ್ಲಿ ಹ್ಯೂಸ್ಟನ್ 66 ಗೆದ್ದು 96 ಸೋತು ಒಂಬತ್ತನೆಯದಾದರೆ, ಮೆಟ್ಸ್ 51 ಗೆದ್ದು 111 ಸೋತು ಹತ್ತನೆಯದು. ಮೇಲೆ ಏರುವುದಕ್ಕೂ ಕೆಳಗೆ ಇಳಿಯುವುದಕ್ಕೂ ಏನೂ ಉಳಿದಿರದ ಅಂಥ ತಂಡಗಳಿಗೆ ಸೆಪ್ಟೆಂಬರ್ ತಿಂಗಳು ಒಂದು ಅವಕಾಶ. ಆಗಿನ ನಿಯಮದ ಪ್ರಕಾರ ಸೆಪ್ಟೆಂಬರ್ ಹುಟ್ಟಿದರೆ ತಂಡದ ಪಟ್ಟಿಯನ್ನು 25ರಿಂದ 40 ಜನಕ್ಕೆ ಹಿಗ್ಗಿಸಬಹುದಿತ್ತು. ಕೆಳಗಿನ ದರ್ಜೆಯ ಮೈನರ್ ಲೀಗ್‌ಗಳಲ್ಲಿ ಬಸ್ಸಿನಲ್ಲಿ ಊರೂರು ಸುತ್ತುತ್ತಿದ್ದ ಹುಡುಗರನ್ನು ಕರೆಸಿ, ಇವರೇ ನಮ್ಮ ನಾಳೆ ಎಂದು ಅಭಿಮಾನಿಗಳಿಗೆ ತೋರಿಸಬಹುದಿತ್ತು.

ಹ್ಯೂಸ್ಟನ್ನಿನ ಜನರಲ್ ಮ್ಯಾನೇಜರ್ ಪಾಲ್ ರಿಚರ್ಡ್ಸ್‌ಗೆ ಎಳೆಯ ಹುಡುಗರ ಮೇಲೆ ಬಲು ಭರವಸೆ. ಸೆಪ್ಟೆಂಬರ್ 27, ಶುಕ್ರವಾರ, ಅದೇ ಮೆಟ್ಸ್ ವಿರುದ್ಧ ಹ್ಯೂಸ್ಟನ್ ಮೈದಾನಕ್ಕಿಳಿಸಿದ ಒಂಬತ್ತು ಜನರೂ ಹೊಸಬರು. ಸರಾಸರಿ ವಯಸ್ಸು ಹತ್ತೊಂಬತ್ತರ ಆಸುಪಾಸು. ಎರಡನೇ ಬೇಸ್‌ನಲ್ಲಿ ಜೋ ಮಾರ್ಗನ್, ಇಪ್ಪತ್ತು ತುಂಬಿ ಒಂದು ವಾರವಷ್ಟೇ ಆಗಿದ್ದವನು. ಮುಂದೆ ಸಿನ್ಸಿನಾಟಿಗೆ ಹೋಗಿ 1975 ಮತ್ತು 1976ರಲ್ಲಿ ಸತತವಾಗಿ ಲೀಗಿನ ಅತ್ಯುತ್ತಮ ಆಟಗಾರನಾಗಿ ಹಾಲ್ ಆಫ್ ಫೇಮ್ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಸೇರಿದವನು. ಹತ್ತೊಂಬತ್ತರ ರಸ್ಟಿ ಸ್ಟಾಬ್, ಇಪ್ಪತ್ಮೂರು ಸೀಸನ್ ಆಡಿ 2,716 ಹಿಟ್ ಹೊಡೆದವನು. ಇಪ್ಪತ್ತೊಂದರ ಜಿಮ್ ವಿನ್, 291 ಹೋಮ್ ರನ್ನಿನ ಸರದಾರ. ಮತ್ತು ಪಿಚಿಂಗ್ ದಿಬ್ಬದ ಮೇಲೆ ಜೇ ಡಾಲ್, ಹದಿನೇಳು ವರ್ಷದ ಹುಡುಗ.

ಡಾಲ್‌ನ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಅವತ್ತು ಅವನು ಮೂರು ಇನ್ನಿಂಗ್ಸ್ ಕೂಡ ಪೂರೈಸಲಿಲ್ಲ. ಮೆಟ್ಸ್ ಬ್ಯಾಟರ್‌ಗಳು ಚಚ್ಚಿದರು, ಹ್ಯೂಸ್ಟನ್ 10–3ರಲ್ಲಿ ಸೋತಿತು. ಹದಿನೇಳರ ಹುಡುಗನಿಗೆ ಒಂದು ಕೆಟ್ಟ ರಾತ್ರಿ ಎಂದರೆ ಏನು ಮಹಾ, ಮುಂದೆ ಇಪ್ಪತ್ತು ವರ್ಷ ಇದೆ ಎಂದೇ ಎಲ್ಲರೂ ಅಂದುಕೊಂಡಿರಬೇಕು. ಅವನು ಮತ್ತೆಂದೂ ಮೇಜರ್ ಲೀಗ್ ಆಡಲಿಲ್ಲ. 1965ರ ಜೂನ್‌ನಲ್ಲಿ ನಾರ್ತ್ ಕೆರೊಲಿನಾದಲ್ಲಿ ಕೆಳಗಿನ ಲೀಗೊಂದರಲ್ಲಿ ಆಡುತ್ತಿದ್ದಾಗ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು ಹತ್ತೊಂಬತ್ತು. ಎರಡು ದಿನದ ಅಂತರದಲ್ಲಿ, ಒಂದೇ ಮೈದಾನದಲ್ಲಿ, ಒಂದೇ ಎದುರಾಳಿಯ ಮುಂದೆ ಇಬ್ಬರು ಹುಡುಗರು ತಮ್ಮ ಮೊದಲ ಮತ್ತು ಕೊನೆಯ ಪಂದ್ಯ ಆಡಿದರು. ಒಬ್ಬನ ದಾಖಲೆಯಲ್ಲಿ ಸೋಲು ಮಾತ್ರ ಇದೆ, ಇನ್ನೊಬ್ಬನ ದಾಖಲೆಯಲ್ಲಿ ಗೆಲುವು ಮಾತ್ರ ಇದೆ. ಇಬ್ಬರನ್ನೂ ಆಟ ಪೂರ್ತಿಯಾಗಿ ಅಳೆಯಲೇ ಇಲ್ಲ.

ಸೆಪ್ಟೆಂಬರ್ 29, ಭಾನುವಾರ, ಸೀಸನ್ನಿನ ಕೊನೆಯ ದಿನ. ಮೈದಾನ ಕೋಲ್ಟ್ ಸ್ಟೇಡಿಯಂ. ಆಸ್ಟ್ರೋಡೋಮ್ ಎಂಬ ಮುಚ್ಚಿಗೆಯ ಬೃಹತ್ ಕ್ರೀಡಾಂಗಣ ಕಟ್ಟಿ ಮುಗಿಯುವವರೆಗೆ ದಿನ ದೂಡಲೆಂದು ಅದರ ಪಕ್ಕದಲ್ಲೇ ಎಬ್ಬಿಸಿದ ತಾತ್ಕಾಲಿಕ ಮೈದಾನ ಅದು. ನೆರಳಿಲ್ಲ. ಸಮುದ್ರದ ಕಡೆಯಿಂದ ಬರುವ ತೇವದ ಸೆಕೆ, ಜೊತೆಗೆ ಸೊಳ್ಳೆ. ಅಲ್ಲಿ ಆಡಿದವರು ಯಾರೇ ನೆನಪು ಹೇಳಲಿ, ಸೊಳ್ಳೆಯ ವಿಷಯ ಎತ್ತದೆ ಇರುವುದಿಲ್ಲ. ಬಿಸಿಲಿನ ಕಾಟ ತಾಳಲಾರದೆ ಮೇಜರ್ ಲೀಗಿನ ಇತಿಹಾಸದಲ್ಲೇ ಮೊದಲ ಭಾನುವಾರದ ರಾತ್ರಿ ಪಂದ್ಯವನ್ನು ಆ ವರ್ಷದ ಜೂನ್‌ನಲ್ಲಿ ಆಡಿಸಿದ್ದೂ ಇಲ್ಲಿಯೇ. ಕೊನೆಯ ದಿನದ ಪಂದ್ಯಕ್ಕೆ ಬಂದ ಜನ ನಾಲ್ಕು ಸಾವಿರವೂ ಇರಲಿಲ್ಲ. ಇವತ್ತು ಆ ಜಾಗ ಆಸ್ಟ್ರೋಡೋಮ್ ಸುತ್ತಲಿನ ಪಾರ್ಕಿಂಗ್ ಲಾಟಿನಲ್ಲಿ ಸೇರಿಹೋಗಿದೆ. ಕೊನೆಯ ಪಂದ್ಯ ಮುಗಿದು ಕೆಲ ವರ್ಷಗಳಾದ ಮೇಲೆ ಅಲ್ಲಿನ ಆಸನಗಳನ್ನೂ ಚೌಕಟ್ಟನ್ನೂ ಬಿಚ್ಚಿ ಮೆಕ್ಸಿಕೊದ ತಂಡವೊಂದಕ್ಕೆ ಮಾರಿದರು.

ಹದಿನೆಂಟರ ಜಾನ್ ಪಚೋರೆಕ್ ಬಲಬದಿಯ ಔಟ್‌ಫೀಲ್ಡಿನಲ್ಲಿ ನಿಂತ. ಆ ವರ್ಷ ಅವನು ಕ್ಯಾಲಿಫೋರ್ನಿಯಾದ ಮೊಡೆಸ್ಟೋದಲ್ಲಿ, ತಂಡದ ಕೆಳಗಿನ ಲೀಗಿನಲ್ಲಿ ಆಡಿದ್ದ. ಅಲ್ಲಿ ಅವನ ಸರಾಸರಿ .219 ಅಷ್ಟೇ. ಹಾಗಾಗಿ ಕಾಗದದ ಮೇಲೆ ಅವನಿಂದ ಯಾರೂ ಏನನ್ನೂ ನಿರೀಕ್ಷಿಸುವಂತಿರಲಿಲ್ಲ. ಎರಡನೇ ಇನ್ನಿಂಗ್ಸಿನಲ್ಲಿ ಮೊದಲ ಸಲ ಬ್ಯಾಟ್ ಹಿಡಿದು ಬಂದ. ಮೆಟ್ಸ್ ಪಿಚರ್ ಲ್ಯಾರಿ ಬರ್ನಾರ್ತ್. ಮೊದಲ ಮೇಜರ್ ಲೀಗ್ ಪಂದ್ಯ ಆಡುವ ಹುಡುಗ ಸಾಮಾನ್ಯವಾಗಿ ಕೈಗೆಟಕದ ಚೆಂಡಿಗೂ ಬ್ಯಾಟ್ ಬೀಸುತ್ತಾನೆ; ತೋರಿಸಿಕೊಳ್ಳುವ ಆತುರ ಹಾಗೆ ಮಾಡಿಸುತ್ತದೆ. ಇವನು ಬೀಸದೆ ಕಾದ. ವಾಕ್ ಸಿಕ್ಕಿತು. ಹಿಂದೆಯೇ ಬಂದ ಜಾನ್ ಬೇಟ್‌ಮನ್ ಟ್ರಿಪಲ್ (ಮೂರನೇ ಬೇಸ್‌ವರೆಗೆ ಓಡುವಷ್ಟು ಹೊಡೆತ) ಹೊಡೆದಾಗ ಓಡಿ ಬಂದು ರನ್ ಮುಟ್ಟಿಸಿದ. ನನಗೆ ಆ ಮೂರು ಹಿಟ್‌ಗಳಿಗಿಂತ ಈ ಮೊದಲ ವಾಕ್ ಮೇಲೆಯೇ ಹೆಚ್ಚು ಪ್ರೀತಿ. ಸರಾಸರಿಯಲ್ಲಿ ಅದಕ್ಕೆ ಜಾಗವಿಲ್ಲ, ಆದರೆ ಆ ಹುಡುಗನ ತಾಳ್ಮೆ ಎಂಥದ್ದು ಎಂಬುದಕ್ಕೆ ಅದೇ ಸಾಕ್ಷಿ.

ನಾಲ್ಕನೇ ಇನ್ನಿಂಗ್ಸಿನಲ್ಲಿ ಎಡಕ್ಕೆ ಸಿಂಗಲ್ (ಮೊದಲ ಬೇಸ್ ಮುಟ್ಟಿಸುವ ಹೊಡೆತ), ಎರಡು ರನ್ ಬಂದವು. ಐದರಲ್ಲಿ ಇನ್ನೊಂದು ಸಿಂಗಲ್, ಇನ್ನೊಂದು ರನ್. ಆರರಲ್ಲಿ ಮತ್ತೆ ವಾಕ್. ಎಂಟರಲ್ಲಿ ಮೂರನೇ ಸಿಂಗಲ್. ಹೋಮ್ ರನ್ ಇಲ್ಲ, ಬೇಲಿ ದಾಟಿದ ಚೆಂಡಿಲ್ಲ. ಚೆಂಡನ್ನು ಕಣ್ಣಿಟ್ಟು ನೋಡಿ, ಬರಬೇಕಾದ ಜಾಗಕ್ಕೆ ಬಂದಾಗ ಹೊಡೆದು, ಬೇಸ್ ಮುಟ್ಟಿ, ನಾಲ್ಕು ಸಲ ಸುತ್ತು ಮುಗಿಸಿ ರನ್ ಗಳಿಸಿದ. ಹ್ಯೂಸ್ಟನ್ 13–4ರಲ್ಲಿ ಗೆದ್ದಿತು. ಮರುದಿನದ ಪತ್ರಿಕೆಯ ಬಾಕ್ಸ್ ಸ್ಕೋರ್‌ನಲ್ಲಿ ಅವನ ಹೆಸರಿನ ಮುಂದೆ 3 4 3 3 ಎಂಬ ನಾಲ್ಕು ಅಂಕಿ: ಅಟ್-ಬ್ಯಾಟ್, ರನ್, ಹಿಟ್, ಆರ್‌ಬಿಐ. ಬೇಸ್‌ಬಾಲ್ ಓದಲು ಬಲ್ಲವರಿಗೆ ಆ ಸಾಲು ಕಣ್ಣಿಗೆ ಹೊಡೆಯುತ್ತದೆ, ಏಕೆಂದರೆ ರನ್‌ಗಳ ಸಂಖ್ಯೆ ಅಟ್-ಬ್ಯಾಟ್‌ಗಳ ಸಂಖ್ಯೆಯನ್ನೇ ಮೀರಿದೆ. ಒಂದು ಪಂದ್ಯದಲ್ಲಿ ನಾಲ್ಕು ರನ್ ಓಡುವುದು ಹತ್ತು ವರ್ಷ ಆಡಿದವರಿಗೂ ದಿನನಿತ್ಯದ ಮಾತಲ್ಲ.

ಆ ಅಂಕಿಗಳು ಹೇಳದ ಒಂದು ವಿಷಯ ಇದೆ: ಆ ದಿನ ಮೈದಾನಕ್ಕೆ ಇಳಿಯುವ ಮೊದಲೇ ಅವನ ಬೆನ್ನು ನೋಯುತ್ತಿತ್ತು. ಮೊಡೆಸ್ಟೋದಲ್ಲಿ ಶುರುವಾದ ನೋವು ಅದು. ಮುಂದಿನ ವರ್ಷ, 1964ರಲ್ಲಿ, ಅದು ತಾಳಲಾರದಷ್ಟಾಯಿತು. ಕೆಳಗಿನ ಲೀಗಿನಲ್ಲೂ ಹೊಡೆಯಲಾಗಲಿಲ್ಲ, ಸರಾಸರಿ ಪಾತಾಳಕ್ಕೆ ಇಳಿಯಿತು. ಕೊನೆಗೆ ಶಸ್ತ್ರಚಿಕಿತ್ಸೆ. ಸೊಂಟದ ಬಳಿಯ ಕಶೇರುಕಗಳನ್ನು ಒಂದಕ್ಕೊಂದು ಬೆಸೆಯುವ ಚಿಕಿತ್ಸೆ ಅದು. ಮೂಳೆಯ ತುಣುಕು ಇಟ್ಟು ಎರಡು ಮೂಳೆ ಒಂದಾಗಿ ಬೆಳೆಯುವಂತೆ ಮಾಡುತ್ತಾರೆ. ಬೆಸೆದ ಜಾಗದಲ್ಲಿ ಮತ್ತೆ ಬಾಗುವುದಾಗಲಿ ತಿರುಗುವುದಾಗಲಿ ಇಲ್ಲ. ಅದಾದ ಮೇಲೆ ತಿಂಗಳುಗಟ್ಟಲೆ ಮೈಗೆ ಬಿಗಿಪಟ್ಟಿ.

ಬೇಸ್‌ಬಾಲ್ ಬ್ಯಾಟ್ ಬೀಸುವ ಕ್ರಮವನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಇದರ ಕ್ರೌರ್ಯ ಗೊತ್ತಾಗುತ್ತದೆ. ಕ್ರಿಕೆಟ್ಟಿನಲ್ಲಿ ನೇರ ಬ್ಯಾಟಿನಿಂದ, ಮೊಣಕೈ ಎತ್ತಿ, ತಲೆ ಚೆಂಡಿನ ಮೇಲಿಟ್ಟು ಆಡುವ ಹೊಡೆತಗಳಿವೆ. ಮಣಿಕಟ್ಟಿನಲ್ಲೇ ಚೆಂಡನ್ನು ತಿರುಗಿಸಿ ಕಳಿಸಬಹುದು. ಬೇಸ್‌ಬಾಲ್‌ನಲ್ಲಿ ಅಂಥ ಆಯ್ಕೆ ಬಲು ಕಡಿಮೆ. ಪಿಚರ್‌ನ ಕೈ ಬಿಟ್ಟ ವೇಗದ ಚೆಂಡು ಅರ್ಧ ಸೆಕೆಂಡಿನೊಳಗೆ ಬಂದು ಮುಟ್ಟುತ್ತದೆ. ಆ ಹೊತ್ತಿನಲ್ಲಿ ಮುಂಗಾಲು ಊರಬೇಕು, ಸೊಂಟ ಮೊದಲು ತಿರುಗಬೇಕು, ಭುಜ ಒಂದು ಕ್ಷಣ ಹಿಂದೆಯೇ ಉಳಿದು ಆಮೇಲೆ ಅದನ್ನು ಹಿಂಬಾಲಿಸಬೇಕು, ಕೈ ಮತ್ತು ಬ್ಯಾಟು ಎಲ್ಲಕ್ಕಿಂತ ಕೊನೆಗೆ. ಸೊಂಟಕ್ಕೂ ಭುಜಕ್ಕೂ ನಡುವಿನ ಈ ತಿರುಚುವಿಕೆಯಲ್ಲೇ ಹೊಡೆತದ ಬಲವೆಲ್ಲ ಅಡಗಿದೆ. ಆ ತಿರುಚುವಿಕೆ ಹಾದುಹೋಗುವುದು ಬೆನ್ನಿನ ಕೆಳಭಾಗದ ಮೂಲಕ. ದಿನಕ್ಕೆ ನೂರಾರು ಸಲ ಅಭ್ಯಾಸಕ್ಕೆಂದು ಬೀಸುವಾಗ ನೂರಾರು ಸಲ ಅದೇ ಜಾಗ ತಿರುಚಿಕೊಳ್ಳುತ್ತದೆ. ಔಟ್‌ಫೀಲ್ಡಿನಿಂದ ದೂರಕ್ಕೆ ಎಸೆಯುವಾಗಲೂ ಹಾಗೇ. ಆ ಜಾಗವನ್ನೇ ಬೆಸೆದುಬಿಟ್ಟರೆ ಉಳಿಯುವುದೇನು? ಈಗಿನ ದಿನಗಳಲ್ಲಿ ಆಟಗಾರನ ಬೆನ್ನನ್ನು ಎಂಆರ್‌ಐ ತೆಗೆದು ಪದರ ಪದರವಾಗಿ ನೋಡುತ್ತಾರೆ, ಫಿಸಿಯೋ ಪಕ್ಕದಲ್ಲೇ ಇರುತ್ತಾರೆ, ಎಷ್ಟು ವ್ಯಾಯಾಮ ಅತಿಯಾಯಿತು ಎಂದು ಹೇಳುವವರಿದ್ದಾರೆ. 1964ರಲ್ಲಿ ಎಂಆರ್‌ಐ ಎಂಬುದೇ ಇರಲಿಲ್ಲ. ಎಕ್ಸ್-ರೇ, ವೈದ್ಯರ ಅನುಭವ, ಹುಡುಗನ ಹಲ್ಲುಕಚ್ಚುವ ಶಕ್ತಿ, ಇಷ್ಟೇ ಇದ್ದದ್ದು.

ಅವನು ಮರಳಿ ಬಂದ. ಪವಾಡದ ಕತೆ ಹೇಳುವವರು ಈ ಭಾಗವನ್ನು ಒಂದು ವಾಕ್ಯದಲ್ಲಿ ಹಾರಿಸಿಬಿಡುತ್ತಾರೆ. ನನ್ನ ಮಟ್ಟಿಗೆ ಅವನ ನಿಜವಾದ ವೃತ್ತಿಜೀವನ ಇದೇ. ಬೆಸೆದ ಬೆನ್ನಿಟ್ಟುಕೊಂಡು ಮತ್ತೆ ಮೈನರ್ ಲೀಗ್ ಆಡಿದ. ಮೈನರ್ ಲೀಗ್ ಎಂದರೆ ಚಿಕ್ಕ ಊರುಗಳು, ರಾತ್ರಿಯಿಡೀ ಬಸ್ ಪ್ರಯಾಣ, ಅಗ್ಗದ ಮೋಟೆಲ್, ಕೈಗೆ ಬರುವ ಪುಡಿಗಾಸು. ನೋಯುವ ಬೆನ್ನಿನವನಿಗೆ ಆ ಬಸ್ಸಿನ ಸೀಟೇ ಒಂದು ಶಿಕ್ಷೆ. ಹ್ಯೂಸ್ಟನ್ ಕೈಬಿಟ್ಟಿತು. ಕ್ಲೀವ್‌ಲ್ಯಾಂಡ್ ತಂಡದವರು ತಮ್ಮ ಮೈನರ್ ಲೀಗ್‌ಗೆ ಸೇರಿಸಿಕೊಂಡರು. 1969ರಲ್ಲಿ ಅವರೂ ಬಿಟ್ಟರು. ಆಗ ಅವನಿಗೆ ಇಪ್ಪತ್ನಾಲ್ಕು. ಆ ಒಂದು ಭಾನುವಾರ ಮುಗಿದು ಆರು ವರ್ಷ ಕಳೆದಿತ್ತು. ಆ ವರ್ಷಗಳಲ್ಲಿ ಅವನು ಔಟಾದದ್ದು ನೂರಾರು ಸಲ. ಮೇಜರ್ ಲೀಗಿನ ಪುಟದಲ್ಲಿ ಅದರ ಒಂದು ಗುರುತೂ ಇಲ್ಲ.

ಕ್ರಿಕೆಟ್ ಬಲ್ಲವರಿಗೆ ಇಲ್ಲಿ ಆಂಡಿ ಗ್ಯಾಂಟೋಮ್ ನೆನಪಾಗದೆ ಇರುವುದಿಲ್ಲ. ಟ್ರಿನಿಡಾಡ್‌ನ ಆ ಓಪನರ್ 1948ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಇಂಗ್ಲೆಂಡ್ ವಿರುದ್ಧ ತನ್ನ ಒಂದೇ ಟೆಸ್ಟಿನ ಒಂದೇ ಇನ್ನಿಂಗ್ಸಿನಲ್ಲಿ 112 ಹೊಡೆದ. ಬ್ರಾಡ್‌ಮನ್‌ನ 99.94ನ್ನೂ ಮೀರಿದ ಸರಾಸರಿ! ಆದರೆ ಗ್ಯಾಂಟೋಮ್ ಮೈಯಲ್ಲಿ ಕಸುವಿತ್ತು. ಮತ್ತೆ ಆರಿಸದೆ ಕೈಬಿಟ್ಟವರು ಮನುಷ್ಯರು. ಅವರನ್ನು ಬೈಯಬಹುದು. ಪಚೋರೆಕ್‌ಗೆ ಬೈಯಲು ಯಾರೂ ಇಲ್ಲ. ಒಂದೇ ಪಂದ್ಯದ ಆಟಗಾರರ ದಾಖಲೆಗಳನ್ನು ನೋಡುತ್ತ ಹೋದ ಹಾಗೆ ನನಗೆ ಅನಿಸಿದ್ದು ಇದು: ಆ ಪುಟಗಳು ಒಂದೇ ಥರ ಚಿಕ್ಕದಾಗಿದ್ದರೂ ಅವು ಚಿಕ್ಕದಾದ ಕಾರಣ ಪ್ರತಿ ಸಲ ಬೇರೆ.

ಲ್ಯಾರಿ ಯೌಂಟ್‌ನದಂತೂ ಓದಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅವನೂ ಹ್ಯೂಸ್ಟನ್ನಿನವನೇ, ಆಗ ಆಸ್ಟ್ರೋಸ್. 1971ರ ಸೆಪ್ಟೆಂಬರ್ 15. ಇಪ್ಪತ್ತೊಂದು ವರ್ಷದ ಪಿಚರ್, ಒಂಬತ್ತನೇ ಇನ್ನಿಂಗ್ಸಿನಲ್ಲಿ ಅವನ ಹೆಸರು ಕೂಗಿದರು. ದಿಬ್ಬದ ಮೇಲೆ ನಿಂತು ಅಭ್ಯಾಸದ ಎಸೆತ ಹಾಕುವಾಗಲೇ ಮೊಣಕೈ ಹಿಡಿದುಕೊಂಡಿತು. ಒಬ್ಬ ಬ್ಯಾಟರ್‌ಗೂ ಒಂದು ಚೆಂಡು ಎಸೆಯದೆ ಕೆಳಗಿಳಿದ. ಹೆಸರು ಘೋಷಣೆಯಾಗಿದ್ದರಿಂದ ನಿಯಮದ ಪ್ರಕಾರ ಅದು ಒಂದು ಪಂದ್ಯವೇ. ಆಮೇಲೆ ಅವನಿಗೆ ಮೇಜರ್ ಲೀಗಿನಲ್ಲಿ ಇನ್ನೊಂದು ಅವಕಾಶ ಸಿಗಲಿಲ್ಲ. ಅವನ ತಮ್ಮ ರಾಬಿನ್ ಯೌಂಟ್ ಮಿಲ್ವಾಕಿಯಲ್ಲಿ ಇಪ್ಪತ್ತು ಸೀಸನ್ ಆಡಿ 3,142 ಹಿಟ್ ಹೊಡೆದು ಹಾಲ್ ಆಫ್ ಫೇಮ್ ಸೇರಿದ.

ಆಡಮ್ ಗ್ರೀನ್‌ಬರ್ಗ್ ನಮ್ಮ ಕಾಲದವನು. 2005ರ ಜುಲೈ 9ರಂದು ಶಿಕಾಗೊ ಕಬ್ಸ್ ಪರವಾಗಿ ಮೊದಲ ಸಲ ಬ್ಯಾಟ್ ಹಿಡಿದು ನಿಂತ. ಎದುರಾದ ಮೊದಲ ಚೆಂಡು ತಲೆಗೆ ಬಡಿಯಿತು. ಗಂಟೆಗೆ ತೊಂಬತ್ತು ಮೈಲಿ ಮೀರಿದ ವೇಗ. ತಿಂಗಳುಗಟ್ಟಲೆ ತಲೆಸುತ್ತು, ದೃಷ್ಟಿದೋಷ. ಚೆಂಡು ಮೈಗೆ ಬಡಿದರೆ ಬೇಸ್ ಸಿಗುತ್ತದೆ, ಆದರೆ ಅಟ್-ಬ್ಯಾಟ್ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಅವನಿಗೆ ಸರಾಸರಿಯೇ ಇರಲಿಲ್ಲ. ಅಭಿಮಾನಿಯೊಬ್ಬ ಶುರುಮಾಡಿದ ಒತ್ತಾಯದಿಂದಾಗಿ 2012ರ ಅಕ್ಟೋಬರ್ 2ರಂದು ಮಯಾಮಿ ಮಾರ್ಲಿನ್ಸ್ ಅವನನ್ನು ಒಂದು ದಿನದ ಮಟ್ಟಿಗೆ ಸೇರಿಸಿಕೊಂಡಿತು. ಎದುರಿಗೆ ಮೆಟ್ಸ್‌ನ ಆರ್. ಎ. ಡಿಕಿ, ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಆ ವರ್ಷ ಗೆದ್ದವನು. ಮೂರು ಚೆಂಡಿಗೆ ಔಟ್. ಈಗ ಅವನಿಗೆ ಒಂದು ಸರಾಸರಿ ಇದೆ: .000. ಪಚೋರೆಕ್‌ನ 1.000, ಗ್ರೀನ್‌ಬರ್ಗ್‌ನ .000. ಇವೆರಡರಲ್ಲಿ ಯಾವುದು ಹೆಚ್ಚಿನ ಧೈರ್ಯದಿಂದ ಬಂದದ್ದು ಎಂದು ಯಾರಾದರೂ ಕೇಳಿದರೆ ನಾನು ಒಂದು ಕ್ಷಣವೂ ಯೋಚಿಸದೆ ಎರಡನೆಯದು ಎನ್ನುತ್ತೇನೆ. ತಲೆಗೆ ಬಡಿದ ಏಳು ವರ್ಷಗಳ ಮೇಲೆ ಅದೇ ಜಾಗದಲ್ಲಿ ಮತ್ತೆ ಬಂದು ನಿಲ್ಲುವುದು ಸಣ್ಣ ಮಾತಲ್ಲ.

ಇವರ ವಿಷಯದಲ್ಲಿ ದುಡ್ಡಿನ ಮಾತು ಯಾರೂ ಎತ್ತುವುದಿಲ್ಲ, ಎತ್ತಬೇಕು. 1980ರಲ್ಲಿ ಆಟಗಾರರ ಸಂಘ ಮತ್ತು ತಂಡಗಳ ಮಾಲೀಕರ ನಡುವೆ ಆದ ಒಪ್ಪಂದದ ಪ್ರಕಾರ 43 ದಿನ ತಂಡದ ಪಟ್ಟಿಯಲ್ಲಿದ್ದರೆ ಪಿಂಚಣಿ, ಒಂದೇ ದಿನ ಇದ್ದರೂ ವೈದ್ಯಕೀಯ ವಿಮೆ. ಅದಕ್ಕೆ ಮೊದಲು ಪಿಂಚಣಿಗೆ ನಾಲ್ಕು ವರ್ಷ ಆಡಿರಬೇಕಿತ್ತು. ಹೊಸ ನಿಯಮವನ್ನು ಹಳಬರಿಗೆ ಅನ್ವಯಿಸಲಿಲ್ಲ. ಮೂರು ವರ್ಷ ಹನ್ನೊಂದು ತಿಂಗಳು ಆಡಿ ಭುಜ ಕಳೆದುಕೊಂಡವರೂ ಬರಿಗೈಯಲ್ಲಿ ಉಳಿದರು. 2011ರಲ್ಲಿ ಕೊನೆಗೂ ಅವರಿಗೆ ಸೇವೆಗೆ ತಕ್ಕಂತೆ ವರ್ಷಕ್ಕೆ ಗರಿಷ್ಠ ಹತ್ತು ಸಾವಿರ ಡಾಲರ್ ಕೊಡಲು ಒಪ್ಪಿದರು. ಅದಕ್ಕೂ ಕನಿಷ್ಠ 43 ದಿನ ಬೇಕು. ಸೆಪ್ಟೆಂಬರ್‌ನಲ್ಲಿ ಕರೆಸಿಕೊಂಡು ಅದೇ ತಿಂಗಳ ಕೊನೆಗೆ ಮನೆಗೆ ಕಳಿಸಿದ ಹುಡುಗರಿಗೆ 43 ದಿನ ಎಲ್ಲಿಂದ ಬರಬೇಕು? ಕೋಟ್ಯಂತರ ಡಾಲರ್ ಹರಿಯುವ ಈ ಆಟ, ತನ್ನ ಮೈದಾನದಲ್ಲಿ ಮೈ ಮುರಿದುಕೊಂಡವರನ್ನು ದಿನಗಳ ಲೆಕ್ಕ ಹಾಕಿ ಹೊರಗಿಡುವುದು ನನಗೆ ಅನ್ಯಾಯವಾಗಿಯೇ ಕಾಣುತ್ತದೆ. ದಾಖಲೆಯ ಪುಸ್ತಕದಲ್ಲಿ ಒಂದು ದಿನಕ್ಕೂ ಒಂದು ಸಾಲು ಕೊಡುವಷ್ಟು ಪ್ರಾಮಾಣಿಕತೆ ಇರುವ ಆಟ, ಖಜಾನೆಯ ವಿಷಯದಲ್ಲೂ ಅಷ್ಟೇ ಪ್ರಾಮಾಣಿಕವಾಗಿರಬಹುದಿತ್ತು.

ಆಟ ಬಿಟ್ಟ ಮೇಲೆ ಜಾನ್ ಪಚೋರೆಕ್ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದಿದರು. ಆಮೇಲೆ ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಸ್ಯಾನ್ ಗೇಬ್ರಿಯಲ್‌ನ ಶಾಲೆಯೊಂದರಲ್ಲಿ ದಶಕಗಳ ಕಾಲ ಪಿ.ಟಿ. ಮೇಷ್ಟರಾಗಿದ್ದರು. ಟಾಮ್ ಅಷ್ಟರಲ್ಲಿ ಮೇಜರ್ ಲೀಗ್ ಮುಟ್ಟಿ, 1981ರಲ್ಲಿ ಸಿಯಾಟಲ್ ಪರವಾಗಿ .326 ಹೊಡೆದು ಆಲ್-ಸ್ಟಾರ್ ಆಗಿದ್ದ. ಅವರಿಬ್ಬರಿಗಿಂತ ತೀರಾ ಕಿರಿಯನಾದ ಜಿಮ್ 1987ರಲ್ಲಿ ಮಿಲ್ವಾಕಿಗೆ 48 ಪಂದ್ಯ ಆಡಿ, ಅಮೆರಿಕದಲ್ಲಿ ನೆಲೆ ಸಿಗದೆ ಜಪಾನಿಗೆ ಹೋಗಿ, 1990ರಲ್ಲಿ ಅಲ್ಲಿಯ ಸೆಂಟ್ರಲ್ ಲೀಗಿನ ಬ್ಯಾಟಿಂಗ್ ಪ್ರಶಸ್ತಿ ಗೆದ್ದ. ಒಂದೇ ಮನೆಯ ಮೂವರು, ಮೂರು ಥರದ ಪುಟಗಳು.

ಶಾಲೆಯ ಪಿ.ಟಿ. ಮೇಷ್ಟ್ರು ಎಂದರೆ ನಮ್ಮಲ್ಲಿ ಖಾಲಿ ಪೀರಿಯಡ್ಡಿಗೆ ಬರುವವರು, ಆಗಸ್ಟ್ ಹದಿನೈದಕ್ಕೆ ಕವಾಯತು ಮಾಡಿಸುವವರು ಎಂಬ ಅಸಡ್ಡೆ ಇದೆ. ನಮ್ಮ ಹೈಸ್ಕೂಲಿನ ಮೇಷ್ಟ್ರು ಒಮ್ಮೆ ರಾಜ್ಯ ಮಟ್ಟದ ಕಬಡ್ಡಿ ಶಿಬಿರದವರೆಗೆ ಹೋಗಿ ಮಂಡಿ ಮುರಿದುಕೊಂಡು ಬಂದವರೆಂದು ನನಗೆ ತಿಳಿದದ್ದು ಅವರು ನಿವೃತ್ತರಾದ ಎಷ್ಟೋ ವರ್ಷಗಳ ಮೇಲೆ. ಶಾಲೆಯಲ್ಲಿದ್ದಾಗ ಅದನ್ನು ಕೇಳಬೇಕು ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಯ ಮಕ್ಕಳೂ ಮೊದಮೊದಲು ಹಾಗೇ ಇದ್ದಿರಬಹುದು, ಆದರೆ ಅಮೆರಿಕದ ಪತ್ರಕರ್ತರು ಬಿಡುವವರಲ್ಲ. ಆಗಾಗ ಯಾರಾದರೂ ಹುಡುಕಿಕೊಂಡು ಬಂದು ಅದೇ ಭಾನುವಾರದ ಬಗ್ಗೆ ಕೇಳುತ್ತಿದ್ದರು, ಅವರು ಅದೇ ಐದು ಸಲದ ವಿವರ ಹೇಳುತ್ತಿದ್ದರು.

ಅವರ ಬಗ್ಗೆ ನನಗೆ ಹೆಚ್ಚು ಗೌರವ ಹುಟ್ಟಿಸಿದ ಸಂಗತಿ ಇನ್ನೊಂದಿದೆ. ವಯಸ್ಸಾದ ಮೇಲೆ ಅವರು ಪುಸ್ತಕ ಬರೆದರು, ಆ ಪಂದ್ಯದ ನೆನಪುಗಳನ್ನು ಮಾರಿಕೊಳ್ಳಲು ಅಲ್ಲ. ಬ್ಯಾಟ್ ಬೀಸುವುದು ಹೇಗೆ, ದೇಹದ ಯಾವ ಭಾಗ ಯಾವಾಗ ತಿರುಗಬೇಕು, ತೂಕ ಎಲ್ಲಿರಬೇಕು, ಕಣ್ಣು ಚೆಂಡನ್ನು ಹೇಗೆ ಹಿಡಿಯಬೇಕು ಎಂಬ ಪ್ರಶ್ನೆಗಳನ್ನು ಹಿಡಿದು ಪುಟಗಟ್ಟಲೆ ಬರೆದರು. ದೊಡ್ಡ ದೊಡ್ಡ ಬ್ಯಾಟರ್‌ಗಳ ಹೊಡೆತ ಎಲ್ಲಿ ಸರಿ, ಎಲ್ಲಿ ತಪ್ಪು ಎಂದು ಬಿಡಿಸಿ ನೋಡಿದರು. ಮೂರೇ ಅಟ್-ಬ್ಯಾಟ್ ಇರುವವನಿಗೆ ಇದನ್ನೆಲ್ಲ ಹೇಳಲು ಏನು ಅಧಿಕಾರ ಎಂದು ಕೇಳುವವರು ಇರಬಹುದು. ಹದಿನೆಂಟರಲ್ಲಿ ಸಲೀಸಾಗಿ ಆಗಿದ್ದ ಹೊಡೆತವನ್ನು ಬೆಸೆದ ಬೆನ್ನಿನಿಂದ ಮತ್ತೆ ಕಲಿಯಲು ಇಪ್ಪತ್ನಾಲ್ಕರವರೆಗೆ ಒದ್ದಾಡಿದವರಿಗೆ, ಆ ಹೊಡೆತದ ಒಂದೊಂದು ಕೀಲೂ ಗೊತ್ತಿರುತ್ತದೆ. ಸುಲಭವಾಗಿ ಹೊಡೆದವರಿಗೆ ತಾವು ಹೇಗೆ ಹೊಡೆದೆವು ಎಂದು ವಿವರಿಸಲು ಎಷ್ಟೋ ಸಲ ಬರುವುದಿಲ್ಲ. ಪಚೋರೆಕ್ ಮೇಷ್ಟರನ್ನು ಹುಡುಕಿಕೊಂಡು ಹೋಗುವ ಪತ್ರಕರ್ತರು 1963ರ ಬದಲು ಈ ವಿಷಯ ಕೇಳಿದ್ದರೆ ಒಳ್ಳೆಯ ಸಂದರ್ಶನಗಳು ಬರುತ್ತಿದ್ದವು.